ಜಾತ್ರೆಯ ಕುಸ್ತಿಯೂ ಊರಿನ ಗರಡಿಯೂ

ಕನ್ನಡದಲ್ಲಿ 'ಆಟ' ಎಂಬ ಮಾತಿನ ಹರವು ದೊಡ್ಡದು. ಮಕ್ಕಳು ಬೀದಿಯಲ್ಲಿ ಆಡುವ ಲಗೋರಿಯೂ ಆಟ; ಅಜ್ಜಿಯರು ಜಗಲಿಯ ಮೇಲೆ ಕವಡೆ ಹಾಕಿ ಆಡುವ ಚೌಕಾಬಾರವೂ ಆಟ. ಕರಾವಳಿಯ ಕಡೆ 'ಇವತ್ತು ರಾತ್ರಿ ಆಟ ಉಂಟು' ಎಂದರೆ ಯಕ್ಷಗಾನವೆಂದೇ ಅರ್ಥ. ಆಡುವುದು ಕೈಕಾಲಿನ ಕೆಲಸವಾದಂತೆ ನಾಲಗೆಯ ಕೆಲಸವೂ ಹೌದು. 'ಮಾತನಾಡು' ಎಂಬಲ್ಲಿಯೂ ಇರುವುದು ಅದೇ 'ಆಡು'. ಇಷ್ಟು ಧಾರಾಳವಾದ ಈ ಪದದ ಬಾಗಿಲಿಗೆ ಈಚೆಗೆ ಒಬ್ಬ ಹೊಸ ಅತಿಥಿ ಬಂದು ನಿಂತಿದ್ದಾನೆ. ಗಣಕಯಂತ್ರದ ಪರದೆಯ ಮೇಲೆ, ಇಲ್ಲವೆ ಅಂಗೈಯಲ್ಲಿ ಹಿಡಿದ ಫೋನಿನ ಮೇಲೆ, ತಂಡ ಕಟ್ಟಿಕೊಂಡು ಪಣತೊಟ್ಟು ಆಡುವ ಆಟ ಇದು. ಇಂಗ್ಲಿಷಿನಿಂದ ಬಂದ 'ಇ-ಸ್ಪೋರ್ಟ್ಸ್' ಎಂಬ ಹೆಸರು ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದೆ. ಹಿರಿಯರಿಗೆ ಮಾತ್ರ ಈ ಅತಿಥಿಯನ್ನು ಒಳಗೆ ಕರೆಯಬೇಕೋ ಹೊರಗೇ ನಿಲ್ಲಿಸಬೇಕೋ ಇನ್ನೂ ತಿಳಿದಿಲ್ಲ.

ಈ ಆಟಗಳ ಸುತ್ತ ಈಗ ಹೊಸ ಬಗೆಯ ಒಂದು ಜಾತ್ರೆ ಹುಟ್ಟಿಕೊಂಡಿದೆ. ಹೊರದೇಶದ ಹೆಸರಾಂತ ತಂಡಗಳನ್ನು ಕರೆತಂದು, ದೊಡ್ಡ ಸಭಾಂಗಣವೊಂದನ್ನು ಹಿಡಿದು, ದೀಪಗಳ ಝಗಝಗದ ನಡುವೆ ಸಾವಿರಾರು ಜನರ ಮುಂದೆ ಆಡಿಸುವುದು ಇದರ ಕ್ರಮ. 2019ರ ಏಪ್ರಿಲ್ ತಿಂಗಳಲ್ಲಿ ಮುಂಬಯಿಯ ಎನ್.ಎಸ್.ಸಿ.ಐ. ಡೋಮಿನಲ್ಲಿ ಇ.ಎಸ್.ಎಲ್. ಎಂಬ ಸಂಸ್ಥೆ 'ಡೋಟಾ 2' ಆಟದ ಅಂತರರಾಷ್ಟ್ರೀಯ ಪಂದ್ಯಾವಳಿಯನ್ನು ನಡೆಸಿತು. ಬಹುಮಾನದ ಮೊತ್ತ 3 ಲಕ್ಷ ಡಾಲರು. 2023ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಭಾರತದ ಮತ್ತು ದಕ್ಷಿಣ ಕೊರಿಯದ ತಂಡಗಳು ಫೋನಿನ ಮೇಲೆ ಆಡುವ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಆಟದಲ್ಲಿ ಎದುರುಬದುರಾದವು. ಶಾಸ್ತ್ರಕ್ಕೆ ಒಂದು ಪಂದ್ಯಾವಳಿ, ಇನ್ನೊಂದು ಆಹ್ವಾನ ಪಂದ್ಯ. ಆದರೆ ಇಂಥವುಗಳ ಪರವಾಗಿ ಹೇಳುವ ಮಾತು ಎಲ್ಲೆಡೆಯೂ ಒಂದೇ. ದೊಡ್ಡವರ ಆಟವನ್ನು ಕಣ್ಣಾರೆ ಕಂಡರೆ ನಮ್ಮ ಹುಡುಗರು ಹುರುಪುಗೊಳ್ಳುತ್ತಾರೆ, ಸ್ಥಳೀಯವಾಗಿ ಆಟ ಬೆಳೆಯುತ್ತದೆ ಎಂಬುದೇ ಆ ಮಾತು. ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದಸರೆಯ ಕುಸ್ತಿಗೆ ಜನ ಕಿಕ್ಕಿರಿದು ಸೇರುತ್ತಾರೆ. ಅದು ಸಂತೋಷದ ವಿಷಯವೇ. ಆದರೆ ಪೈಲ್ವಾನನನ್ನು ತಯಾರುಮಾಡುವುದು ದಸರೆಯಲ್ಲ. ವರ್ಷದ ಉಳಿದ ದಿನಗಳಲ್ಲಿ ನಸುಕಿನಲ್ಲಿ ಬಾಗಿಲು ತೆರೆಯುವ ಗರಡಿಮನೆ, ಅಲ್ಲಿನ ಕೆಮ್ಮಣ್ಣು, ಅಲ್ಲಿನ ಉಸ್ತಾದ, ದಿನವೂ ಕೈ ಹಿಡಿಯಲು ಸಿಗುವ ಜೊತೆಗಾರ, ಇವರೆಲ್ಲ ಸೇರಿ ಅವನನ್ನು ತಯಾರುಮಾಡುತ್ತಾರೆ. ಗರಡಿಯಿದ್ದ ಊರಿನಲ್ಲಿ ಜಾತ್ರೆಯ ಕುಸ್ತಿ ಸಾರ್ಥಕ. ಗರಡಿಯಿಲ್ಲದ ಊರಿನಲ್ಲಿ ಅದು ಒಂದು ಸಂಜೆಯ ಬೆರಗು ಮಾತ್ರ. ಹೊಸ ಆಟಗಳ ವಿಷಯದಲ್ಲಿ ನಾವು ಈ ಎರಡನೆಯ ದಾರಿಯನ್ನು ಹಿಡಿಯುತ್ತಿದ್ದೇವೆಂಬುದು ನನ್ನ ಆತಂಕ.

ಮುಂದೆ ಹೋಗುವ ಮೊದಲು ಎರಡು ಸಂದೇಹಗಳನ್ನು ಬದಿಗಿರಿಸಬೇಕು. ಮೊದಲನೆಯದು ಹಣದ ಸಂದೇಹ. ಈ ಆಟಗಳೆಲ್ಲ ಜೂಜಿನ ಬೇರೆ ರೂಪವೆಂದು ಅನೇಕ ತಂದೆತಾಯಿಗಳು ತಿಳಿದಿದ್ದಾರೆ. ಅವರು ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಕಾನೂನೇ ಬಹುಕಾಲ ಈ ಎರಡರ ನಡುವೆ ತಡಕಾಡಿತು. ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯನ್ನು ನಮ್ಮ ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಅಸಿಂಧುವೆಂದು ಸಾರಿತು. ಆಮೇಲೆ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಕಾಯಿದೆ, ಹಣ ಹೂಡಿ ಹಣ ಗೆಲ್ಲುವ ಆಟವನ್ನು ಒಂದು ಕಡೆಗೂ, ಚಾತುರ್ಯದ ಸ್ಪರ್ಧೆಯಾದ ಇ-ಕ್ರೀಡೆಯನ್ನು ಇನ್ನೊಂದು ಕಡೆಗೂ ಇಟ್ಟು, ಮೊದಲನೆಯದನ್ನು ನಿಷೇಧಿಸಿ ಎರಡನೆಯದನ್ನು ಉತ್ತೇಜಿಸತಕ್ಕದ್ದೆಂದು ಹೇಳಿತು. ನಾನು ಇಲ್ಲಿ ಹೇಳುತ್ತಿರುವುದು ಈ ಎರಡನೆಯದನ್ನು ಕುರಿತು.

ಎರಡನೆಯದು ಆರೋಗ್ಯದ ಸಂದೇಹ. ಇದನ್ನು ಹಗುರವಾಗಿ ಕಾಣುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿತು. ಅದಕ್ಕೂ ಎಷ್ಟೋ ಮೊದಲು, 2014ರಲ್ಲೇ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಯಂತ್ರಗಳ ಮಿತಿಮೀರಿದ ಬಳಕೆಗೆ ಸಿಕ್ಕಿದವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವೊಂದನ್ನು ತೆರೆದಿತ್ತು. ರಾತ್ರಿಯೆಲ್ಲ ಎಚ್ಚರವಾಗಿದ್ದು ಬೆಳಗಿನ ತರಗತಿಯಲ್ಲಿ ತೂಕಡಿಸುವ ಹುಡುಗರು ಯಾವ ಅಧ್ಯಾಪಕನಿಗೂ ಅಪರಿಚಿತರಲ್ಲ. ಆದರೆ ಒಂದು ಮಾತು. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ, ಹೊತ್ತುಗೊತ್ತಿಲ್ಲದೆ, ಹೇಳುವವರು ಕೇಳುವವರಿಲ್ಲದೆ ಒಂಟಿಯಾಗಿ ಆಡುವುದು ಬೇರೆ. ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ಜಾಗದಲ್ಲಿ, ಗುರುವಿನ ಕಣ್ಣೆದುರಿಗೆ ಜೊತೆಗಾರರೊಡನೆ ಆಡುವುದು ಬೇರೆ. ಗೀಳು ಬೆಳೆಯಲು ಹೆಚ್ಚು ಅನುಕೂಲ ಮೊದಲನೆಯದರಲ್ಲಿ. ಸಾಧನೆ ಬೆಳೆಯಬಲ್ಲದ್ದು ಎರಡನೆಯದರಲ್ಲಿ. ಗರಡಿಮನೆ ಬೇಕೆಂಬ ನನ್ನ ವಾದಕ್ಕೆ ಇದೂ ಒಂದು ಆಧಾರ.

ಈಗ ಪ್ರದರ್ಶನ ಪಂದ್ಯದ ಗುಣಗಳನ್ನು ನೋಡೋಣ. ಅದರಿಂದ ಏನೂ ಪ್ರಯೋಜನವಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. 2018ರಲ್ಲಿ ಜಕಾರ್ತದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟಗಳು ಪದಕದ ಲೆಕ್ಕಕ್ಕೆ ಸೇರದೆ, ಬರಿಯ ಪ್ರದರ್ಶನವಾಗಿ ನಡೆದವು. ಅಲ್ಲಿ 'ಹಾರ್ತ್‌ಸ್ಟೋನ್' ಎಂಬ, ಇಸ್ಪೀಟಿನ ಹಾಗೆ ಎಲೆಗಳನ್ನು ಹೂಡಿ ಆಡುವ ಆಟದಲ್ಲಿ ಗುಜರಾತಿನ ತೀರ್ಥ ಮೆಹ್ತಾ ಕಂಚಿನ ಸ್ಥಾನವನ್ನು ಗಳಿಸಿದರು. ಪದಕಪಟ್ಟಿಯಲ್ಲಿ ಅದಕ್ಕೆ ಎಡೆಯಿರಲಿಲ್ಲವಾದರೂ, ಇದನ್ನು ಆಡುವವರೂ ಆಟಗಾರರೇ ಎಂಬ ಅರಿವು ದೇಶಕ್ಕೆ ಮೂಡಲು ಅಂಥ ಸಂದರ್ಭಗಳು ನೆರವಾದವು. 2022ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಇ-ಕ್ರೀಡೆಯನ್ನು ಬಹುಕ್ರೀಡಾಕೂಟಗಳ ಭಾಗವೆಂದು ಅಂಗೀಕರಿಸಿ, ಕ್ರೀಡಾ ಸಚಿವಾಲಯದ ಆಡಳಿತಕ್ಕೆ ಒಪ್ಪಿಸಿತು. 2023ರಲ್ಲಿ ಹಾಂಗ್‌ಝೌ ಕ್ರೀಡಾಕೂಟದಲ್ಲಿ ಇವು ಪದಕದ ಸ್ಪರ್ಧೆಗಳೇ ಆದವು. ನೋಟ ಮನ್ನಣೆಯನ್ನು ತಂದಿತು ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಇನ್ನೊಂದು ಪ್ರಯೋಜನವೂ ಉಂಟು. ಊರಿನಲ್ಲಿ ತನಗೆ ಸಮಾನರಿಲ್ಲವೆಂದು ಬೀಗುವ ಹುಡುಗ ಹೊರಗಿನ ಬಲ್ಲಿದರ ಎದುರು ಒಮ್ಮೆ ಕುಳಿತರೆ ತನ್ನ ಅಳತೆ ತನಗೆ ತಿಳಿಯುತ್ತದೆ. ಒಳ್ಳೆಯ ಕೈಯಲ್ಲಿ ಸೋಲುವುದೂ ಒಂದು ಪಾಠ. ಆದರೆ ಪಾಠ ಕೇಳಿದ ಮೇಲೆ ಅದನ್ನು ಚಿಂತಿಸಿ ಅಭ್ಯಾಸ ಮಾಡುವುದಕ್ಕೆ ಒಂದು ಶಾಲೆ ಬೇಕು. ಹಾಂಗ್‌ಝೌಗೆ ಹೋದ ನಮ್ಮ ತಂಡಗಳು ಪದಕವಿಲ್ಲದೆ ಹಿಂದಿರುಗಿದವು. ಅದಕ್ಕಾಗಿ ಆಟಗಾರರನ್ನು ದೂರಬೇಕಾದದ್ದೇನೂ ಇಲ್ಲ. ಹಿಂದಿರುಗಿದ ಮೇಲೆ ಅವರು ಎಲ್ಲಿಗೆ ಹೋಗಬೇಕು, ಕಲಿತದ್ದನ್ನು ಯಾರಿಗೆ ಕಲಿಸಬೇಕು ಎಂಬುದೇ ಕೇಳತಕ್ಕ ಪ್ರಶ್ನೆ.

ಪ್ರದರ್ಶನಕ್ಕೆ ತನ್ನದೇ ಆದ ಒಂದು ದೋಷವೂ ಇದೆ. ನೋಡುವವರನ್ನು ರಂಜಿಸಬೇಕೆಂಬ ಹಂಬಲ ಬಲಿತಾಗ ಆಟದ ಸ್ವಭಾವವೇ ಬದಲಾಗುತ್ತದೆ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಆರ್ಲಿಂಗ್ಟನ್ ನಗರದಲ್ಲಿ, ಇ-ಕ್ರೀಡೆಗಾಗಿಯೇ ಅಣಿಗೊಳಿಸಿದ ಕ್ರೀಡಾಂಗಣದಲ್ಲಿ, ಭಾರತ ಮತ್ತು ಅಮೆರಿಕಗಳ ನಡುವೆ ಚದುರಂಗದ ಪ್ರದರ್ಶನ ಪಂದ್ಯ ನಡೆಯಿತು. ಮೌನವೇ ಶಿಷ್ಟಾಚಾರವಾದ ಆಟದಲ್ಲಿ ಅಂದು ಪ್ರೇಕ್ಷಕರು ಕೂಗಬಹುದಾಗಿತ್ತು. ಅಮೆರಿಕದ ತಂಡ 5-0ಯಿಂದ ಗೆದ್ದಿತು. ಹಿಕಾರು ನಕಮುರ ಅವರು, ಅದಕ್ಕೆ ಹಿಂದಿನ ವರ್ಷವಷ್ಟೇ ಜಗಜ್ಜೇತನಾಗಿದ್ದ ನಮ್ಮ ಗುಕೇಶನನ್ನು ಗೆದ್ದು, ಅವನ ರಾಜನನ್ನೇ ಎತ್ತಿ ಜನರ ನಡುವೆ ಎಸೆದರು. ಅಂಥ ಅಬ್ಬರವನ್ನು ಏರ್ಪಡಿಸಿದವರೇ ಬಯಸಿದ್ದರೆಂದು ಆ ತಂಡದ ಇನ್ನೊಬ್ಬ ಆಟಗಾರರು ಆಮೇಲೆ ವಿವರಿಸಿದರು. ಇರಬಹುದು, ಯಾರ ಮೇಲೂ ತಪ್ಪು ಹೊರಿಸಲು ನಾನು ಈ ಮಾತನ್ನು ಎತ್ತಲಿಲ್ಲ. ಆದರೆ ಮರುದಿನ ಲೋಕದ ಬಾಯಲ್ಲಿ ಉಳಿದದ್ದು ರಾಜ ಹಾರಿಹೋದ ರೀತಿಯೇ ಹೊರತು ಅವನು ಸಿಕ್ಕಿಬಿದ್ದ ರೀತಿಯಲ್ಲ. ಎಸೆದದ್ದನ್ನು ನೋಡಿದ ಹುಡುಗ ಎಸೆಯುವುದನ್ನು ಕಲಿತಾನು. ಆಟವನ್ನು ಎಲ್ಲಿ ಕಲಿಯಬೇಕು?

ಪ್ರದರ್ಶನವನ್ನು ಏರ್ಪಡಿಸುವ ಪ್ರಭುಗಳು ಶಾಶ್ವತರೂ ಅಲ್ಲ. 2000ದಲ್ಲಿ ದಕ್ಷಿಣ ಕೊರಿಯದಲ್ಲಿ 17 ದೇಶಗಳ ಆಟಗಾರರನ್ನು ಕೂಡಿಸಿ ಒಂದು ಪರೀಕ್ಷಾರ್ಥ ಕೂಟ ನಡೆಯಿತು. ಅದು ಮರುವರ್ಷದಿಂದ 'ವರ್ಲ್ಡ್ ಸೈಬರ್ ಗೇಮ್ಸ್' ಎಂಬ ವಾರ್ಷಿಕ ಉತ್ಸವವಾಗಿ ಬೆಳೆಯಿತು. ಭಾರತದ ಹುಡುಗರೂ ಅದರಲ್ಲಿ ಆಡಿದರು. 2013ರ ಕೂಟ ಮುಗಿದ ಮೇಲೆ, ಇನ್ನು ನಡೆಸುವುದಿಲ್ಲವೆಂದು ಅದರ ಮುಖ್ಯಸ್ಥರು ಸಾರಿದರು. 2019ರಲ್ಲಿ ಅದು ಮತ್ತೆ ತಲೆಯೆತ್ತಿತಾದರೂ ನಡುವಿನ ವರ್ಷಗಳಲ್ಲಿ ಅದನ್ನೇ ನಂಬಿದ್ದವರಿಗೆ ಆಸರೆಯಿರಲಿಲ್ಲ. ಈಚಿನ ಮಾತು ಹೇಳುವುದಾದರೆ, ಒಲಿಂಪಿಕ್ ಸಮಿತಿಯೂ ಸೌದಿ ಅರೇಬಿಯವೂ ಸೇರಿ ಒಲಿಂಪಿಕ್ ಇ-ಕ್ರೀಡಾಕೂಟವನ್ನು ನಡೆಸುವುದಾಗಿ 2024ರಲ್ಲಿ 12 ವರ್ಷಗಳ ಒಪ್ಪಂದ ಮಾಡಿಕೊಂಡವು. 2025ರ ಅಕ್ಟೋಬರಿನಲ್ಲಿ, ಒಂದು ಕೂಟವೂ ನಡೆಯುವ ಮೊದಲೇ, ಆ ಒಪ್ಪಂದ ಮುಗಿಯಿತು. ಮೇಲಿನಿಂದ ಇಳಿಯುವ ಕೃಪೆಯನ್ನೇ ನಂಬಿ ಬೇರು ಬಿಡಲಾಗದು.

ಹಾಗಾದರೆ ಈ ಆಟಗಳು ನಿಜವಾಗಿ ಬೇರೂರಿದ ನಾಡಿನಲ್ಲಿ ಏನು ನಡೆಯಿತು? ದಕ್ಷಿಣ ಕೊರಿಯದ ಕಥೆ ಇಲ್ಲಿ ಉಪಯುಕ್ತ. 1997ರ ಕೊನೆಯಲ್ಲಿ ಆ ದೇಶ ಭಾರಿ ಆರ್ಥಿಕ ಸಂಕಟಕ್ಕೆ ಸಿಲುಕಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಯೊಡ್ಡಿತು. ಉದ್ಯೋಗ ಕಳೆದುಕೊಂಡವರಲ್ಲಿ ಕೆಲವರು ಹತ್ತಾರು ಗಣಕಯಂತ್ರಗಳನ್ನು ಕೊಂಡು, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳನ್ನು ತೆರೆದರು. ಅವಕ್ಕೆ 'ಪೀಸೀ ಬಾಂಗ್' ಎಂದು ಹೆಸರು. ಬಾಂಗ್ ಎಂದರೆ ಕೊರಿಯದ ಮಾತಿನಲ್ಲಿ ಕೋಣೆ. ಸರ್ಕಾರ ಅದೇ ವೇಳೆಯಲ್ಲಿ ವೇಗದ ಅಂತರಜಾಲವನ್ನು ನಾಡಿನ ಉದ್ದಗಲಕ್ಕೂ ಹಬ್ಬಿಸಿತು. 1998ರಲ್ಲಿ ಅಮೆರಿಕದಿಂದ 'ಸ್ಟಾರ್‌ಕ್ರಾಫ್ಟ್' ಎಂಬ ಯುದ್ಧತಂತ್ರದ ಆಟ ಬಂದಿತು. ಶಾಲೆ ಬಿಟ್ಟ ಮಕ್ಕಳು, ಕಚೇರಿ ಬಿಟ್ಟ ಗುಮಾಸ್ತರು ಈ ಕೋಣೆಗಳಲ್ಲಿ ಮಗ್ಗುಲು ಮಗ್ಗುಲಲ್ಲಿ ಕುಳಿತು ಆಡಿದರು. ಒಂದು ಕೋಣೆಯ ಜಾಣ ಪಕ್ಕದ ಬೀದಿಯ ಕೋಣೆಯ ಜಾಣನನ್ನು ಕೆಣಕಿದ. ಬೀದಿಯ ಪಂದ್ಯ ಊರಿನ ಪಂದ್ಯವಾಯಿತು. 2000ದಲ್ಲಿ ಈ ಆಟಗಾರರಿಗೆಂದೇ ಒಂದು ರಾಷ್ಟ್ರೀಯ ಸಂಘವೂ, ಈ ಆಟಗಳಿಗೆಂದೇ ಒಂದು ದೂರದರ್ಶನ ವಾಹಿನಿಯೂ ಹುಟ್ಟಿದವು. 2004ರ ಬೇಸಗೆಯಲ್ಲಿ ಬೂಸಾನ್ ನಗರದ ಗ್ವಾಂಗಲ್ಲಿ ಕಡಲ ತೀರದಲ್ಲಿ ನಡೆದ ಅಂತಿಮ ಪಂದ್ಯಕ್ಕೆ ಒಂದು ಲಕ್ಷ ಜನ ನೆರೆದಿದ್ದರೆಂದು ಅಂದಿನ ವರದಿಗಳು ಹೇಳಿದವು.

ಈ ಕಥೆಯ ಕ್ರಮವನ್ನು ವಾಚಕರು ಗಮನಿಸಬೇಕು. ಮೊದಲು ಕೋಣೆ, ಆಮೇಲೆ ಬೀದಿಯ ಹುರುಡು, ಆಮೇಲೆ ಸಂಘ, ಆಮೇಲೆ ವಾಹಿನಿ, ಎಲ್ಲಕ್ಕೂ ಕಡೆಯಲ್ಲಿ ಕಡಲ ತೀರದ ಲಕ್ಷ ಜನ. ನಾವು ಮಾಡಹೊರಟಿರುವುದು ಇದರ ವಿಲೋಮ. ಲಕ್ಷ ಜನರನ್ನು ಮೊದಲು ಕೂಡಿಸಿ, ಕೋಣೆ ತಾನಾಗಿಯೇ ಹುಟ್ಟೀತೆಂದು ಕಾಯುತ್ತಿದ್ದೇವೆ. ಈ ಶತಮಾನದ ಆರಂಭದಲ್ಲಿ ನಮ್ಮ ಪೇಟೆಗಳಲ್ಲೂ ಸೈಬರ್ ಕೆಫೆಗಳಿದ್ದುವು. ಅಲ್ಲಿ ಹುಡುಗರು ಒಟ್ಟಿಗೆ ಕೂತು ಆಡುತ್ತಿದ್ದುದುಂಟು. ಕೈಗೊಂದು ಫೋನು ಬಂದು, 2016ರ ಈಚೆಗೆ ಅಂತರಜಾಲ ಅಗ್ಗವಾದ ಮೇಲೆ, ಅವು ಬಹುಮಟ್ಟಿಗೆ ಬಾಗಿಲು ಮುಚ್ಚಿದವು. ಆಡುವವರ ಸಂಖ್ಯೆ ಬಹಳವಾಗಿ ಹೆಚ್ಚಿತು, ನಿಜ; ಆದರೆ ಪ್ರತಿಯೊಬ್ಬನೂ ತನ್ನ ತನ್ನ ಮಂಚದ ಮೇಲೆ ಒಂಟಿಯಾದನು.

ಇದೆಲ್ಲ ಹೊರನಾಡಿನ ಮಾತಾಯಿತು ಎನ್ನುವವರಿಗಾಗಿ ನಮ್ಮ ಮನೆಯ ನಿದರ್ಶನಗಳನ್ನೇ ಕೊಡಬಹುದು. ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ 1972ರಲ್ಲಿ ಮಿಖಾಯಿಲ್ ಟಾಲ್ ಹೆಸರಿನ ಚದುರಂಗದ ಕ್ಲಬ್ಬೊಂದು ಆರಂಭವಾಯಿತು. ಭಾರತದ ಮೊದಲ ಅಂತರರಾಷ್ಟ್ರೀಯ ಮಾಸ್ಟರ್ ಮ್ಯಾನ್ಯುಯಲ್ ಆರನ್ ಅವರು ಅದರ ಬೆನ್ನೆಲುಬಾಗಿದ್ದರು. ಹೊರದೇಶದ ನೆರವು ಅಲ್ಲಿಗೆ ಒಂದು ಸಂಜೆಯ ನೋಟವಾಗಿ ಬರಲಿಲ್ಲ. ಒಂದು ಕೋಣೆಯಾಗಿ, ಪುಸ್ತಕಗಳಾಗಿ, ವಾರವಾರದ ಅಭ್ಯಾಸವಾಗಿ ಬಂದಿತು. ಆ ಕ್ಲಬ್ಬಿಗೆ ಹೋಗುತ್ತಿದ್ದ ಬಾಲಕರಲ್ಲಿ ವಿಶ್ವನಾಥನ್ ಆನಂದರೂ ಒಬ್ಬರು. ಅವರು 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್ ಮಾಸ್ಟರ್ ಆದರು. 2025ರ ಜುಲೈನಲ್ಲಿ ದಿವ್ಯಾ ದೇಶಮುಖ್ ಆ ಬಿರುದನ್ನು ಪಡೆದಾಗ ಅವರು ಭಾರತದ 88ನೆಯವರು.

ಇನ್ನೂ ಹತ್ತಿರದ ನಿದರ್ಶನ ಬೆಂಗಳೂರಿನ ಮಲ್ಲೇಶ್ವರದ್ದು. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯರಾದ ಪ್ರಕಾಶ್ ಪಡುಕೋಣೆಯವರು ಅಭ್ಯಾಸ ಮಾಡಿದ್ದು ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಅದು ಮದುವೆಗಳಿಗೆ ಬಾಡಿಗೆಗೆ ಕೊಡುವ ಜಾಗ. ಮದುವೆಯಿಲ್ಲದ ದಿನಗಳಲ್ಲಿ ಅದೇ ಆಟದ ಅಂಗಣ. ಜಗತ್ತಿನ ಅತ್ಯುತ್ತಮ ಆಟಗಾರನೊಬ್ಬನು ತಯಾರಾಗಲು ಮದುವೆಯಿಲ್ಲದ ದಿನಗಳು ಸಾಕಾದವು. ಪ್ರತಿದಿನವೂ ಆಡಲು ಬರುವ ನಾಲ್ಕು ಜನರಿದ್ದರೆ ಮದುವೆಯ ಛತ್ರವೂ ಗರಡಿಯಾದೀತು.

ಮೈಸೂರಿನ ಇತಿಹಾಸವೂ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ವಿಷಯದಲ್ಲಿ ಅಪೂರ್ವ ಪ್ರತಿಭೆಯುಳ್ಳವರು. ಕುದುರೆಯೊಂದು ಚದುರಂಗದ ಎಲ್ಲ ಮನೆಗಳನ್ನೂ ಒಂದೊಂದು ಸಲವೇ ಮುಟ್ಟಿ ಬರುವ ಬಂಧಗಳನ್ನು ಅವರು ರಚಿಸಿದರು. ಹೊಸ ಹೊಸ ಮಣೆಯಾಟಗಳನ್ನು ಕಲ್ಪಿಸಿದರು. ಕೆಲವು ಕಟ್ಟುಗಳಲ್ಲಿ 300ಕ್ಕೂ ಹೆಚ್ಚು ಎಲೆಗಳಿದ್ದ ಗಂಜೀಫದ ಆಟಗಳನ್ನು ಏರ್ಪಡಿಸಿದರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಇವುಗಳ ವಿವರಣೆಯಿದೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇವುಗಳ ಚಿತ್ರಗಳಿವೆ. ಆದರೆ ಆ ಆಟಗಳಲ್ಲಿ ಬಹುಪಾಲು ಗೋಡೆಯ ಮೇಲೆಯೇ ಉಳಿದವು, ಬೀದಿಗೆ ಇಳಿಯಲಿಲ್ಲ. ಯಾವ ರಾಜನ ಹೆಸರನ್ನೂ ಹೊರದ ಚೌಕಾಬಾರವಾದರೋ, ದೇವಸ್ಥಾನದ ಚಪ್ಪಡಿಯ ಮೇಲೆ ಗೀಚಿದ ಮನೆಗಳಲ್ಲಿ, ಹುಣಿಸೆಬೀಜವನ್ನೇ ಕಾಯಿಯಾಗಿ ಮಾಡಿಕೊಂಡವರ ಕೈಯಲ್ಲಿ, ತಲೆಮಾರುಗಳನ್ನು ದಾಟಿ ಬಂದಿತು. 1868ರಲ್ಲಿ ಆ ದೊರೆ ತೀರಿಕೊಂಡರು. ಅವರ ಊರಿನವರೇ ಆದ ಎಂ. ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್ ಮಾಸ್ಟರ್ ಆದದ್ದು 2017ರಲ್ಲಿ. ಅರಮನೆಯ ಕೌತುಕ ಎಷ್ಟೇ ದೊಡ್ಡದಾಗಿರಲಿ, ಜಗಲಿಯ ರೂಢಿಗೆ ಅದು ಸಮನಾಗದು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಚೌಕಾಬಾರವನ್ನು ಯಾರಪ್ಪಣೆಯೂ ಇಲ್ಲದೆ ಆಡಬಹುದು. ಈ ಹೊಸ ಆಟಗಳಿಗೆ ಒಡೆಯರಿದ್ದಾರೆ. ಇದು ನಿಜವಾದ ತೊಡಕು. ಲಗೋರಿಯ ಬೀದಿ ಊರಿನದು. 'ಬ್ಯಾಟಲ್‌ಗ್ರೌಂಡ್ಸ್' ನಡೆಯುವ ಬಯಲು ಕೊರಿಯದ ಒಂದು ಕಂಪನಿಯದು. ಆ ಆಟದ ಹಿಂದಿನ ರೂಪವಾದ 'ಪಬ್‌ಜಿ ಮೊಬೈಲ್' ಅನ್ನು ನಮ್ಮ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. 2021ರ ಜುಲೈನಲ್ಲಿ ಅದು ಹೊಸ ಹೆಸರಿನಿಂದ ಬಂದಿತು. 2022ರ ಜುಲೈನಲ್ಲಿ ಮತ್ತೆ ತಡೆಯಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು. ಸರ್ಕಾರದ ಕಾರಣಗಳು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಇದೊಂದೇ ಆಟವನ್ನು ಬಾಳಿನ ದಾರಿಯೆಂದು ನಂಬಿ ಅಭ್ಯಾಸ ಮಾಡುತ್ತಿದ್ದ ಹುಡುಗನ ಸ್ಥಿತಿಯನ್ನು ಯೋಚಿಸಬೇಕು. ಒಂದು ಸಂಜೆ ಅವನ ಮೈದಾನವೇ ಮಾಯವಾಯಿತು. ಒಂದೇ ಆಟದ, ಒಂದೇ ಕಂಪನಿಯ ಪ್ರಚಾರಕ್ಕಾಗಿ ನಡೆಯುವ ಪ್ರದರ್ಶನ ಪಂದ್ಯ ಆ ಹುಡುಗನನ್ನು ಬೆಳೆಸುವುದಿಲ್ಲ. ಅವನನ್ನು ಇನ್ನಷ್ಟು ಪರಾಧೀನನನ್ನಾಗಿ ಮಾಡುತ್ತದೆ. ಆಟಗಳು ಬರುತ್ತವೆ, ಹೋಗುತ್ತವೆ. ಕೋಣೆ, ಗುರು, ಜೊತೆಗಾರರು ಇದ್ದರೆ ಒಂದು ಆಟ ಹೋದಾಗ ಇನ್ನೊಂದನ್ನು ಆಡಿಯಾರು. ಆಟಕ್ಕೆ ಒಡೆಯರಿರುವ ಕಾರಣದಿಂದಲೇ ಗರಡಿಯಾದರೂ ಊರಿನದಾಗಿರಬೇಕೆಂದು ನಾನು ಹೇಳುವುದು.

ಕನ್ನಡದ ಅಧ್ಯಾಪಕನಾದ ನನಗೆ ಇನ್ನೂ ಒಂದು ಚಿಂತೆಯಿದೆ, ಅದು ಭಾಷೆಯದು. ಯಕ್ಷಗಾನದ ಮೇಳ ಊರಿಗೆ ಬಂದಾಗ ಜನ ಇರುಳೆಲ್ಲ ಕುಳಿತು ನೋಡುತ್ತಾರೆ. ಪ್ರಸಂಗ ಅವರಿಗೆ ಮೊದಲೇ ಗೊತ್ತು. ಭಾಗವತರು ಎಲ್ಲಿ ಸೊಗಸಾಗಿ ಎತ್ತಿದರು, ವೇಷಧಾರಿ ಎಲ್ಲಿ ಅರ್ಥ ತಪ್ಪಿದ ಎಂಬುದನ್ನು ಅವರು ಬಲ್ಲರು. ಮೇಳ ಹೋದ ಮೇಲೆ ಊರಿನ ಹವ್ಯಾಸಿ ಸಂಘ ಅದೇ ಪ್ರಸಂಗದ ತಾಳಮದ್ದಲೆಗೆ ಕೂರುತ್ತದೆ. ನೋಟ ಅಲ್ಲಿ ಮತ್ತೆ ಆಟವಾಗುತ್ತದೆ. ಹೊಸ ಆಟದ ಪ್ರದರ್ಶನಕ್ಕೆ ಹೋದ ಹುಡುಗನ ತಂದೆಗೆ ಅಲ್ಲಿ ಏನು ಕಂಡೀತು? ಬೆಳಕು, ಸದ್ದು, ಅರ್ಥವಾಗದ ಇಂಗ್ಲಿಷ್ ಪದಗಳ ಮಳೆ. ಮಗ ಮಾಡುತ್ತಿರುವುದು ಏನೆಂದು ತಂದೆಗೆ ತಿಳಿಯದಿದ್ದರೆ ಆ ಮನೆಯಲ್ಲಿ ಆಟಕ್ಕೆ ಗೌರವ ಹೇಗೆ ಬಂದೀತು?

ಇದು ಕನ್ನಡಕ್ಕೆ ಅಸಾಧ್ಯವಾದ ಕೆಲಸವಲ್ಲ. ಕ್ರಿಕೆಟ್ಟೂ ಒಂದು ಕಾಲಕ್ಕೆ ಹೊರಗಿನಿಂದ ಬಂದದ್ದೇ. ನಮ್ಮ ಪತ್ರಿಕೆಗಳೂ ವೀಕ್ಷಕ ವಿವರಣೆಗಾರರೂ ಅದಕ್ಕೆ ಎಸೆತ, ಎಸೆತಗಾರ, ದಾಂಡಿಗ, ಹುದ್ದರಿ ಎಂಬ ಮಾತುಗಳನ್ನು ಕೊಟ್ಟರು. 'ದಾಂಡಿಗ'ನಲ್ಲಿ ನಮ್ಮ ಚಿನ್ನಿದಾಂಡಿನ ದಾಂಡೇ ಇದೆ. ಹಳೆಯ ಆಟ ಹೊಸ ಆಟಕ್ಕೆ ತನ್ನ ಪದವನ್ನು ಎರವಲು ಕೊಟ್ಟಿತು. ನಾಲ್ವರ ತಂಡಗಳು ಒಂದು ದ್ವೀಪದಲ್ಲಿ ಇಳಿದು, ಕ್ರಮಕ್ರಮವಾಗಿ ಕಿರಿದಾಗುತ್ತ ಬರುವ ವಲಯದೊಳಗೆ ಕಡೆಯವರೆಗೂ ಉಳಿಯಲು ಹೆಣಗುವ ಆಟವನ್ನು ವಿವರಿಸುವುದಕ್ಕೆ, ಪದ್ಮವ್ಯೂಹದ ಕಥೆಯನ್ನು ಬಲ್ಲ ಜನರ ಭಾಷೆಯಲ್ಲಿ ಮಾತು ಸಾಲದೆ ಹೋದೀತೇ? ಹೊಂಚು, ಮರೆ, ಮುತ್ತಿಗೆ, ಹಿಮ್ಮೆಟ್ಟು, ಬೆಂಬಲ, ಇವೆಲ್ಲ ನಮ್ಮಲ್ಲಿ ಸಿದ್ಧವಾಗಿಯೇ ಇವೆ. ಇಂಗ್ಲಿಷ್ ಪದಗಳನ್ನೆಲ್ಲ ಅಟ್ಟಬೇಕೆಂದು ನಾನು ಹೇಳುವುದಿಲ್ಲ. ಹುಡುಗರ ನಾಲಗೆಗೆ ಒಗ್ಗಿದವು ಇರಲಿ. ಆಟದ ಒಳಗುಟ್ಟನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ನಾಲ್ವರು ತರುಣರು ತಯಾರಾದರೆ ಸಾಕು. ಅವರು ಹತ್ತು ಪ್ರದರ್ಶನ ಪಂದ್ಯಗಳಿಗಿಂತ ಹೆಚ್ಚಿನ ಕೆಲಸ ಮಾಡಿಯಾರು.

ಕಡೆಗೆ, ಮಾಡತಕ್ಕದ್ದೇನು? ಪ್ರದರ್ಶನ ಪಂದ್ಯಗಳು ಬೇಡವೆಂದು ನಾನು ವಾದಿಸುತ್ತಿಲ್ಲ. ಅವು ನಡೆಯಲಿ; ಆದರೆ ಹೋಗುವಾಗ ಏನನ್ನಾದರೂ ಬಿಟ್ಟು ಹೋಗಲಿ. ಅಂಥ ಉತ್ಸವಕ್ಕೆ ಸರ್ಕಾರದ ನೆರವನ್ನು ಕೇಳುವವರಿಗೆ ಒಂದೇ ಒಂದು ಷರತ್ತು ಹಾಕಬೇಕು. ಉತ್ಸವದ ಖರ್ಚಿನ ಒಂದು ಪಾಲಿನಿಂದ ಆ ಊರಿನಲ್ಲಿ ಹತ್ತು ಯಂತ್ರಗಳುಳ್ಳ ಒಂದು ಕೋಣೆ ಉಳಿಯತಕ್ಕದ್ದು. ಬಂದ ಹೊರಗಿನ ಆಟಗಾರರು ವೇದಿಕೆಯ ಮೇಲೆ ಎರಡು ಗಂಟೆ ಆಡಿದರೆ, ವೇದಿಕೆಯಿಂದ ಇಳಿದು ಎರಡು ದಿನ ನಮ್ಮ ಹುಡುಗರೊಡನೆ ಕೂತು ಕಲಿಸತಕ್ಕದ್ದು.

ನಮ್ಮ ಕಾಲೇಜುಗಳಲ್ಲಿ ಗಣಕಯಂತ್ರದ ಪ್ರಯೋಗಶಾಲೆಗಳಿವೆ. ಸಂಜೆ ಐದರ ಮೇಲೆ ಅವಕ್ಕೆ ಬೀಗ ಬೀಳುತ್ತದೆ. ವಾರದಲ್ಲಿ ಎರಡು ಸಂಜೆ ಆ ಬೀಗವನ್ನು ತೆಗೆಯಬಾರದೇಕೆ? ಒಬ್ಬ ಅಧ್ಯಾಪಕರ ಮೇಲ್ವಿಚಾರಣೆ, ಎರಡು ಗಂಟೆಯ ಮಿತಿ, ತರಗತಿಯ ಹಾಜರಿ ಸರಿಯಿದ್ದವರಿಗೆ ಮಾತ್ರ ಪ್ರವೇಶ, ಹೀಗೆ ನಾಲ್ಕು ಕಟ್ಟಳೆಗಳನ್ನು ಮಾಡಿಕೊಂಡರೆ ಸಾಕು. ಕೊಲ್ಲುವ ಆಟಗಳೇ ಆಗಬೇಕೆಂದಿಲ್ಲ. ಚದುರಂಗವೂ ಈಗ ಈ ಬಳಗಕ್ಕೆ ಸೇರಿದೆ. 2025ರಲ್ಲಿ ರಿಯಾದಿನ ಇ-ಕ್ರೀಡೆಗಳ ವಿಶ್ವಕಪ್ಪಿನಲ್ಲಿ ಅದನ್ನೂ ಆಡಿಸಿದರು. ಹೆಣ್ಣುಮಕ್ಕಳಿಗೆ ಈ ಕೋಣೆಯಲ್ಲಿ ಸಮನಾದ ಸ್ಥಾನವಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲವಾದರೂ ಹೇಳುತ್ತೇನೆ. ಬಾಡಿಗೆ ಕೆಫೆಗಳ ಕಾಲದಲ್ಲಿ ಅವರು ಹೊರಗುಳಿದದ್ದು ಆಸಕ್ತಿಯಿಲ್ಲದೆ ಅಲ್ಲ. ಧೈರ್ಯವಾಗಿ ಹೋಗಿ ಕೂರಬಲ್ಲ ಜಾಗವಿಲ್ಲದೆ. ಹೀಗೆ ಹತ್ತು ಊರಿನ ಹ‌ತ್ತು ಕಾಲೇಜುಗಳು ತಮ್ಮ ತಮ್ಮಲ್ಲಿ ತಿಂಗಳಿಗೊಮ್ಮೆ ಆಡಿಕೊಂಡರೆ, ಗೆದ್ದವನಷ್ಟೇ ಅಲ್ಲದೆ ಸೋತವನಿಗೂ ಮುಂದಿನ ತಿಂಗಳು ಆಡುವ ಅವಕಾಶ ಸಿಗುತ್ತದೆ. ಒಂದು ಆಟವನ್ನು ಬೆಳೆಸುವವನು ಸೋತ ಮೇಲೂ ಮರಳಿ ಬರುವ ಆ ಎರಡನೆಯ ದರ್ಜೆಯ ಆಟಗಾರನೇ. ಪ್ರದರ್ಶನ ಪಂದ್ಯದಲ್ಲಿ ಅವನಿಗೆ ಜಾಗವಿಲ್ಲ. ಗರಡಿಯಲ್ಲಿ ಅವನಿಲ್ಲದೆ ಕೆಲಸವೇ ನಡೆಯುವುದಿಲ್ಲ.

ನಮ್ಮ ಮಕ್ಕಳು ಆಡುತ್ತಿದ್ದಾರೆ. ನಾವು ಮೆಚ್ಚಿದರೂ ಆಡುತ್ತಾರೆ, ಮುನಿದರೂ ಆಡುತ್ತಾರೆ. ಅವರು ಕತ್ತಲ ಕೋಣೆಯಲ್ಲಿ ಒಬ್ಬೊಬ್ಬರಾಗಿ ಆಡಬೇಕೇ, ಬೆಳಕಿನಲ್ಲಿ ನಾಲ್ಕು ಜನರ ನಡುವೆ ಆಡಬೇಕೇ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ವರ್ಷಕ್ಕೊಮ್ಮೆ ಹೊರನಾಡಿನ ಜಟ್ಟಿಗಳನ್ನು ಕರೆಸಿ ನಾವು ಚಪ್ಪಾಳೆ ತಟ್ಟಬಹುದು. ಆ ಚಪ್ಪಾಳೆ ನಿಂತ ಮರುದಿನ ಬೆಳಗ್ಗೆ ಊರಿನಲ್ಲಿ ಒಂದು ಬಾಗಿಲು ತೆರೆದಿರಬೇಕು.